ಮಳೆಯ ಲೆಕ್ಕಕ್ಕೊಂದು ಬಳಕೆದಾರರ ಸಮಿತಿ ಬೇಕು

ಕಾಸರಗೋಡು ಜಿಲ್ಲೆಯ ಹಾಗೂ ಅದಕ್ಕೆ ತಾಗಿಕೊಂಡಿರುವ ದಕ್ಷಿಣ ಕನ್ನಡದ ವಿಶ್ವವಿದ್ಯಾಲಯಗಳ, ಕಾಲೇಜುಗಳ, ಕೃಷಿ ಸಂಶೋಧನಾ ಕೇಂದ್ರಗಳ ಅಧ್ಯಾಪಕರಿಗೆ, ವಿಜ್ಞಾನಿಗಳಿಗೆ ಮತ್ತು ಸಂಶೋಧನ ವಿದ್ಯಾರ್ಥಿಗಳಿಗೆ ಬಹಿರಂಗ ಪತ್ರ



ಕೇರಳಕ್ಕೆ ನೈಋತ್ಯ ಮುಂಗಾರು ಪ್ರವೇಶಿಸಿತೆಂದು ಭಾರತೀಯ ಹವಾಮಾನ ಇಲಾಖೆ ಘೋಷಿಸಬೇಕಾದರೆ, ಮೇ 10ರ ಬಳಿಕ, ಮೊದಲೇ ಗೊತ್ತುಪಡಿಸಿದ 14 ಕೇಂದ್ರಗಳ ಪೈಕಿ ಶೇ. 60ರಷ್ಟು ಕೇಂದ್ರಗಳಲ್ಲಿ ಸತತ ಎರಡು ದಿನ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆ ದಾಖಲಾಗಿರಬೇಕು. ಪಡುವಣ ಗಾಳಿಯ ಆಳ ಮತ್ತು ಬಲಕ್ಕೆ ಸಂಬಂಧಿಸಿದ ಹಾಗೂ ಮೋಡಗಳ ದಟ್ಟಣೆಯನ್ನು ಉಪಗ್ರಹದಿಂದ ಅಳೆಯುವ ಇನ್ನೆರಡು ನಿಬಂಧನೆಗಳೂ ಅದರೊಂದಿಗೆ ಪೂರೈಕೆಯಾಗಿರಬೇಕು. ಮಿನಿಕಾಯ್ ದ್ವೀಪದಿಂದ ತೊಡಗಿ ತಿರುವನಂತಪುರ, ಕೊಚ್ಚಿ, ಕಣ್ಣೂರುಗಳ ಮೂಲಕ ಬಡಗಣಕ್ಕೆ ಸಾಗುವ ಆ ಪಟ್ಟಿಯ ಕೊನೆಯ ಎರಡು ಹೆಸರುಗಳು ಕೂಡ್ಲು ಮತ್ತು ಮಂಗಳೂರು. ಇಡೀ ದೇಶ ಕಾದು ಕುಳಿತಿರುವ ಸುದ್ದಿಯ ನಿರ್ಣಯದಲ್ಲಿ ಕಾಸರಗೋಡು ಪಟ್ಟಣದ ಮಗ್ಗುಲಿನ ಒಂದು ಗ್ರಾಮಕ್ಕೆ ಪಾಲಿದೆ ಎಂಬುದು ಜಿಲ್ಲೆಯ ಹೆಚ್ಚಿನ ವಿದ್ಯಾರ್ಥಿಗಳಿಗೆ ಪಾಠವಾಗಿ ಸಿಗುವುದಿಲ್ಲ. ಕೇರಳದ ಮಳೆಯನ್ನು ನಿರ್ಧರಿಸಲು ಕರ್ನಾಟಕದ ಮಂಗಳೂರನ್ನೂ ಲೆಕ್ಕಕ್ಕೆ ತೆಗೆದುಕೊಂಡ ವಿಜ್ಞಾನಿಗಳು, ರಾಜ್ಯದ ಗಡಿಗೂ ಮಳೆಯ ಗಡಿಗೂ ಸಂಬಂಧವಿಲ್ಲವೆಂಬುದನ್ನು ಆ ಪಟ್ಟಿಯಲ್ಲಿಯೇ ಒಪ್ಪಿಕೊಂಡಿದ್ದಾರೆ ಎಂಬುದೂ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಆದರೆ ದಿನನಿತ್ಯದ ವ್ಯವಹಾರದಲ್ಲಿ ಗಡಿ ಇದ್ದೇ ಇದೆ. ಹವಾಮಾನ ಇಲಾಖೆಯು ಮಳೆಯ ವರದಿಗಾಗಿ ದೇಶವನ್ನು 36 ಉಪವಿಭಾಗಗಳಾಗಿ ವಿಂಗಡಿಸಿದ್ದು, ಕಾಸರಗೋಡು 'ಕೇರಳ ಮತ್ತು ಮಾಹೆ'ಯಲ್ಲಿಯೂ ದಕ್ಷಿಣ ಕನ್ನಡ 'ಕರಾವಳಿ ಕರ್ನಾಟಕ'ದಲ್ಲಿಯೂ ಸೇರಿರುವುದರಿಂದ, ಗಡಿಯ ತಲಪಾಡಿಯ ಈಚೆಗಿನ ಮುನ್ಸೂಚನೆ ತಿರುವನಂತಪುರದಿಂದ ಬಂದರೆ ಆಚೆಗಿನದು ಬೆಂಗಳೂರಿನಿಂದ ಹೊರಡುತ್ತದೆ. ಗ್ರಾಮ ಪಂಚಾಯತಿಗೊಂದರಂತೆ ದೂರಸಂವೇದಿ ಮಳೆಮಾಪಕಗಳನ್ನು, ಅಂದರೆ ಅಳೆದ ಮಳೆಯನ್ನು ಮನುಷ್ಯರ ನೆರವಿಲ್ಲದೆ ತಾವೇ ಕೇಂದ್ರ ಕಚೇರಿಗೆ ರವಾನಿಸುವ ಉಪಕರಣಗಳನ್ನು, ನೆಟ್ಟಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಾಲವು ರಾಜ್ಯದ ಗಡಿಗೆ ಬಂದು ನಿಲ್ಲುತ್ತದೆ. ಹೊಳೆ ಮಾತ್ರ ಅಲ್ಲಿ ನಿಲ್ಲುವುದಿಲ್ಲ: ಕೊಡಗಿನ ಸಂಪಾಜೆಯ ಕಡೆಯ ಕಾಡುಗಳಲ್ಲಿ ಹುಟ್ಟುವ ಪಯಸ್ವಿನಿಯು ಸುಳ್ಯವನ್ನು ಹಾದು ಕಾಸರಗೋಡಿಗೆ ಇಳಿದು, ಚಂದ್ರಗಿರಿಯೆಂಬ ಹೆಸರಿನಿಂದ ಕಡಲು ಸೇರುತ್ತದೆ. ಮೇಲಿನ ಜಲಾನಯನದ, ಎಂದರೆ ನದಿಗೆ ನೀರು ಹರಿದುಬರುವ ನೆಲದ, ಮಳೆಯ ಲೆಕ್ಕ ಒಂದು ರಾಜ್ಯದಲ್ಲಿ ಉಳಿದು, ಕೆಳಗಿನ ನೆರೆಯ ಅನುಭವ ಇನ್ನೊಂದು ರಾಜ್ಯದಲ್ಲಿ ಆಗುವ ಈ ಸ್ಥಿತಿಯೇ ಈ ಪತ್ರಕ್ಕೆ ಕಾರಣ. ಲೆಕ್ಕಗಳನ್ನು ಒಂದೆಡೆ ಸೇರಿಸುವ ಕೆಲಸಕ್ಕೆ ಹೊಸ ಇಲಾಖೆಯಾಗಲಿ ಭಾರೀ ಕಟ್ಟಡವಾಗಲಿ ಬೇಕಿಲ್ಲ. ದತ್ತಾಂಶವನ್ನು ಬಳಸುವ ಶಿಕ್ಷಣ ಸಂಸ್ಥೆಗಳೇ ಸೇರಿ ನಡೆಸುವ ಒಂದು ಹಂಚಿಕೆಯ ಕಾರ್ಯಕ್ರಮವೂ, ಅದರ ಮೇಲೆ ಕಣ್ಣಿಡುವ, ಆ ಬಳಕೆದಾರರೇ ಆದ ಒಂದು ಸಮಿತಿಯೂ ಸಾಕೆಂಬುದು ಈ ಪತ್ರದ ವಾದ.

ಇಂತಹ ಕಾರ್ಯಕ್ರಮಕ್ಕೆ ಜಗತ್ತಿನಲ್ಲಿ ಒಂದು ದೀರ್ಘಕಾಲದ ಮಾದರಿ ಇದೆ. ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ನಗರದಲ್ಲಿ, ವಾತಾವರಣ ಸಂಶೋಧನೆಗಾಗಿ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಒಕ್ಕೂಟದ ಆಶ್ರಯದಲ್ಲಿ, ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯದಿಂದ 1984ರಲ್ಲಿ 'ಯೂನಿಡೇಟಾ' ಎಂಬ ಕಾರ್ಯಕ್ರಮ ಆರಂಭವಾಯಿತು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದುದೂ ಅದೇ ವರ್ಷದ ಮೇ 24ರಂದು ಎಂಬುದು ಕೇವಲ ಕಾಕತಾಳೀಯವಾದರೂ, ಎರಡರ ವಯಸ್ಸನ್ನು ಒಟ್ಟಿಗೆ ನೆನಪಿನಲ್ಲಿಡಲು ಸಹಾಯಕ. ವೀಕ್ಷಣೆಗಳು, ಉಪಗ್ರಹ ಚಿತ್ರಗಳು, ಮುನ್ಸೂಚನಾ ಮಾದರಿಗಳ ಫಲಿತಾಂಶಗಳು ಇವೆಲ್ಲ ಸರ್ಕಾರಿ ಕಚೇರಿಗಳಲ್ಲಿ ಹರಿದಾಡುತ್ತಿದ್ದರೂ ತರಗತಿಯ ಮೇಜಿಗೆ ಬಂದು ತಲುಪುವುದು ದುಬಾರಿಯೂ ಕಷ್ಟವೂ ಆಗಿದ್ದ ಕಾಲದಲ್ಲಿ, ಪ್ರತಿಯೊಂದು ವಿಶ್ವವಿದ್ಯಾಲಯವೂ ಬೇರೆಬೇರೆಯಾಗಿ ಪಡುತ್ತಿದ್ದ ಪಾಡನ್ನು ಒಂದೇ ಸಲಕ್ಕೆ ನೀಗಿಸುವುದು ಯೂನಿಡೇಟಾದ ಉದ್ದೇಶವಾಗಿತ್ತು.

ಅದರ ರಚನೆಯಲ್ಲಿ ಕಾಸರಗೋಡಿನಂತಹ ಸಣ್ಣ ಜಿಲ್ಲೆ ಕಲಿಯಬೇಕಾದ ಎರಡು ಸಂಗತಿಗಳಿವೆ. ದತ್ತಾಂಶವನ್ನು ಒಂದೇ ಕೇಂದ್ರದಿಂದ ಎಲ್ಲರಿಗೂ ಕಳುಹಿಸುವ ಬದಲು, 1990ರ ದಶಕದ ನಡುವಿನಿಂದೀಚೆಗೆ, ಒಂದು ವಿಶ್ವವಿದ್ಯಾಲಯವು ತನಗೆ ಬಂದುದನ್ನು ಮುಂದಿನದಕ್ಕೆ, ಅದು ತನ್ನ ಮುಂದಿನದಕ್ಕೆ ದಾಟಿಸುವ ಏರ್ಪಾಡು ಅಲ್ಲಿದೆ. ತೋಡಿನ ನೀರನ್ನು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹರಿಯಬಿಡುವಂತೆ, ಪಡೆಯುವವನೇ ಕೊಡುವವನೂ ಆಗುತ್ತಾನೆ. ಇದನ್ನು ಸಾಧ್ಯವಾಗಿಸುವ ತಂತ್ರಾಂಶವು, ಅಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಆಜ್ಞೆಗಳ ಕಟ್ಟು, ಮುಕ್ತವಾಗಿ ದೊರೆಯುತ್ತದೆ, ಅದರ ಒಳರಚನೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಎರಡನೆಯದು 'ನೆಟ್‌ಸಿಡಿಎಫ್' ಎಂಬ ಕಡತದ ಸ್ವರೂಪ. ಸಾಮಾನ್ಯ ಕಡತದಲ್ಲಿ ಅಂಕಿಗಳಷ್ಟೇ ಇದ್ದು, ಅವು ಯಾವ ಊರಿನವು, ಯಾವ ಹೊತ್ತಿನವು, ಮಿಲಿಮೀಟರಿನಲ್ಲೋ ಅಂಗುಲದಲ್ಲೋ ಎಂಬುದು ಕಡತವನ್ನು ಮಾಡಿದವರ ನೆನಪಿನಲ್ಲಿ ಉಳಿಯುತ್ತದೆ. ನೆಟ್‌ಸಿಡಿಎಫ್ ಕಡತವು ಈ ವಿವರಗಳನ್ನು ತನ್ನೊಳಗೇ ಹೊತ್ತುಕೊಂಡು ಹೋಗುವುದರಿಂದ, ಅದನ್ನು ಮಾಡಿದವರು ನಿವೃತ್ತರಾಗಿ ಎಷ್ಟೋ ವರ್ಷಗಳ ಮೇಲೆ ತೆರೆದವರಿಗೂ ಅರ್ಥ ಕೆಡುವುದಿಲ್ಲ. ಭಾರತೀಯ ಹವಾಮಾನ ಇಲಾಖೆಯೂ ತನ್ನ ಮಳೆಯ ದತ್ತಾಂಶವನ್ನು ಇಂದು ಈ ಸ್ವರೂಪದಲ್ಲಿ ಒದಗಿಸುತ್ತದೆ ಎಂದರೆ, ವಿಶ್ವವಿದ್ಯಾಲಯಗಳಿಗಾಗಿ ಹುಟ್ಟಿದ ಒಂದು ಸಲಕರಣೆ ಎಷ್ಟು ದೂರ ಪಯಣಿಸಿತೆಂಬುದು ತಿಳಿಯುತ್ತದೆ.

ಇವೆರಡಕ್ಕಿಂತ ಮಿಗಿಲಾದುದು, ಮತ್ತು ಹೊರಗಿನವರ ಕಣ್ಣಿಗೆ ಬೇಗ ಬೀಳದಿರುವುದು, ಆ ಕಾರ್ಯಕ್ರಮದ ಮೇಲ್ವಿಚಾರಣೆಯ ಕ್ರಮ. ಅಲ್ಲಿ ದಿನದ ಕೆಲಸವನ್ನು ಸಂಬಳದ ಸಿಬ್ಬಂದಿ ನಡೆಸುತ್ತಾರೆ. ಆದರೆ ದಿಕ್ಕಿನ ಕುರಿತು ಸಲಹೆ ನೀಡುವ ಸಮಿತಿಯೊಂದೂ, ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳುವ ಬಳಕೆದಾರರ ಸಮಿತಿಯೊಂದೂ ಇದ್ದು, ಎರಡರಲ್ಲೂ ಕುಳಿತುಕೊಳ್ಳುವವರಲ್ಲಿ ಹೆಚ್ಚಿನವರು ಬೇರೆಬೇರೆ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವ ಅಧ್ಯಾಪಕರು. ಯಾವ ದತ್ತಾಂಶ ಬರುವುದು ನಿಂತಿದೆ, ಯಾವ ತಂತ್ರಾಂಶವನ್ನು ಮುಂದುವರಿಸಬೇಕು, ಯಾವುದು ಹಳತಾಗಿದ್ದು ಅದನ್ನು ನೆಚ್ಚಿಕೊಂಡ ಸಣ್ಣ ಕಾಲೇಜುಗಳನ್ನು ಕೈಬಿಡದೆ ಹೇಗೆ ನಿಲ್ಲಿಸಬೇಕು ಎಂಬ ಪ್ರಶ್ನೆಗಳನ್ನು ತರಗತಿಯಲ್ಲಿ ಅದರ ಫಲವನ್ನು ಉಣ್ಣುವವರೇ ಕೇಳುತ್ತಾರೆ. ಬಳಕೆದಾರರ ಸಮಿತಿಯು ಮೂರು ವರ್ಷಗಳಿಗೊಮ್ಮೆ ಕಾರ್ಯಾಗಾರವನ್ನೂ ಏರ್ಪಡಿಸುತ್ತಾ ಬಂದಿದೆ. ಸಾರ್ವಜನಿಕ ಹಣದಿಂದ ನಡೆಯುವ ಯಾವುದೇ ದತ್ತಾಂಶ ಕಾರ್ಯಕ್ರಮವು ನಾಲ್ಕು ದಶಕ ಬಾಳಬೇಕಾದರೆ ಇಂತಹ ಕಾವಲು ಅನಿವಾರ್ಯ.

ಆ ಕಾವಲೂ ಎಲ್ಲವನ್ನೂ ತಡೆಯಲಾರದೆಂಬುದನ್ನು 2025ರ ಮೇ ತಿಂಗಳು ತೋರಿಸಿಕೊಟ್ಟಿತು. ಪ್ರತಿಷ್ಠಾನದಿಂದ ಬರಬೇಕಾದ ಹಣ ತಡವಾದುದರಿಂದ ಯೂನಿಡೇಟಾ ತನ್ನ ಹೆಚ್ಚಿನ ಚಟುವಟಿಕೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಬಹುಪಾಲು ಸಿಬ್ಬಂದಿಯನ್ನು ಸಂಬಳವಿಲ್ಲದ ರಜೆಯ ಮೇಲೆ ಕಳುಹಿಸಬೇಕಾಯಿತು. ಹಣದ ಮೂಲ ಒಂದೇ ಆಗಿರುವ ಕಾರ್ಯಕ್ರಮಕ್ಕೆ, ಅದು ಎಷ್ಟೇ ಪ್ರತಿಷ್ಠಿತವಾಗಿರಲಿ, ಈ ಅಪಾಯ ತಪ್ಪಿದ್ದಲ್ಲ. ಕಾಸರಗೋಡಿನಲ್ಲಿ ಕಟ್ಟುವ ಯಾವುದೇ ಏರ್ಪಾಡು ಒಂದು ಯೋಜನೆಯ ಅನುದಾನವನ್ನಷ್ಟೇ ನೆಚ್ಚಿ ನಿಲ್ಲಬಾರದೆಂಬ ಮಾತನ್ನು ಇಲ್ಲಿಂದಲೇ ಕಲಿಯಬೇಕು. ಮೂರು ವರ್ಷದ ಯೋಜನೆ ಮುಗಿದ ಮೇಲೆ ತುಕ್ಕು ಹಿಡಿಯುವ ಹವಾಮಾನ ಕೇಂದ್ರವು ದತ್ತಾಂಶದ ಸರಣಿಯಲ್ಲಿ ಉಂಟುಮಾಡುವ ತೆರವನ್ನು ಮುಂದೆ ಯಾವ ಲೆಕ್ಕಾಚಾರವೂ ಪೂರ್ತಿಯಾಗಿ ತುಂಬಲಾರದು.

ಭಾರತದಲ್ಲಿ ದತ್ತಾಂಶವೇ ಇಲ್ಲವೆಂಬ ದೂರು ಈಗ ಹಳತು. ಸರ್ಕಾರದ ಹಣದಿಂದ ಸಂಗ್ರಹವಾದ, ಗೋಪ್ಯವಲ್ಲದ ಮಾಹಿತಿಯನ್ನು ಜನರಿಗೆ ತೆರೆದಿಡಬೇಕೆಂಬ ರಾಷ್ಟ್ರೀಯ ನೀತಿ 2012ರಲ್ಲಿಯೇ ಬಂದಿದೆ. ವಿಶ್ವ ಹವಾಮಾನ ಸಂಸ್ಥೆಯು 1995ರ ತನ್ನ 40ನೆಯ ನಿರ್ಣಯದಲ್ಲಿಯೂ, ಅದರ ಸ್ಥಾನಕ್ಕೆ 2021ರಲ್ಲಿ ತಂದ ಏಕೀಕೃತ ದತ್ತಾಂಶ ನೀತಿಯಲ್ಲಿಯೂ ಶಿಕ್ಷಣ ಮತ್ತು ಸಂಶೋಧನೆಗೆ ವಿಶೇಷವಾದ ಸ್ಥಾನವನ್ನು ಕೊಟ್ಟಿದೆ. ಪುಣೆಯಲ್ಲಿರುವ ಹವಾಮಾನ ಇಲಾಖೆಯ ಕಚೇರಿಯು 1901ರಿಂದೀಚಿನ ದಿನದಿನದ ಮಳೆಯನ್ನು, ಅಕ್ಷಾಂಶ ರೇಖಾಂಶಗಳ ಕಾಲು ಡಿಗ್ರಿಗೊಂದರಂತೆ ಚೌಕಗಳನ್ನು ಮಾಡಿ, ಉಚಿತವಾಗಿ ಒದಗಿಸುತ್ತಿದೆ. ಇಸ್ರೋದ ಅಹಮದಾಬಾದ್ ಕೇಂದ್ರವು ಇನ್‌ಸ್ಯಾಟ್ ಉಪಗ್ರಹಗಳ ಮಾಹಿತಿಯನ್ನು ಕೊಡುತ್ತಿದೆ. ಕೊರತೆ ಇರುವುದು ಇವುಗಳನ್ನು ಊರಿನ ಅಳತೆಗೆ ತಂದು, ತಪ್ಪಿಲ್ಲದೆ ಬಳಸುವ ಕಡೆಯಲ್ಲಿ.

ಕಾಲು ಡಿಗ್ರಿಯ ಚೌಕವೆಂದರೆ ಈ ಭಾಗದಲ್ಲಿ ಒಂದೊಂದು ಬದಿ ಸುಮಾರು 27 ಕಿ.ಮೀ., ಎಂದರೆ ವಿಸ್ತೀರ್ಣದಲ್ಲಿ ಸುಮಾರು 750 ಚದರ ಕಿ.ಮೀ. ಸುಮಾರು 1,990 ಚದರ ಕಿ.ಮೀ. ಇರುವ ಇಡೀ ಕಾಸರಗೋಡು ಜಿಲ್ಲೆಯು ಇಂತಹ ಮೂರು ಚೌಕಗಳಷ್ಟೂ ಆಗುವುದಿಲ್ಲ. ಕಡಲ ದಂಡೆಯ ಮಳೆಯೂ ಮೂಡಣ ಬೆಟ್ಟಗಳ ಬುಡದ ಮಳೆಯೂ ಒಂದೇ ಆಗಿರದ ನಾಡಿನಲ್ಲಿ ಮೂರು ಅಂಕಿಗಳಿಂದ ಜಿಲ್ಲೆಯ ಮಳೆಯನ್ನು ಹೇಳುವುದು ಎಷ್ಟು ಸರಿಯೆಂಬುದನ್ನು ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಹವಾಮಾನ ಇಲಾಖೆಯ ಮಳೆಯ ದಿನವು ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಮತ್ತು ಹಿಂದಿನ 24 ಗಂಟೆಗಳ ಮಳೆಯನ್ನು ಆ ಬೆಳಗಿನ ತಾರೀಕಿಗೆ ಬರೆಯಲಾಗುತ್ತದೆ. ಹೀಗಾಗಿ ಜೂನ್ 1ರ ಮಧ್ಯಾಹ್ನ ಸುರಿದ ಮಳೆ ಪುಸ್ತಕದಲ್ಲಿ ಜೂನ್ 2ರದ್ದಾಗುತ್ತದೆ. ಉಪಗ್ರಹದಿಂದ ಅಂದಾಜು ಮಾಡಿದ ದಿನದ ಮಳೆಯಾದರೋ ಸಾಮಾನ್ಯವಾಗಿ ಗ್ರೀನ್‌ವಿಚ್ ಕಾಲಮಾನದ ನಡುರಾತ್ರಿಯಿಂದ, ಅಂದರೆ ಇಲ್ಲಿನ ಬೆಳಗಿನ 5.30ರಿಂದ, ಎಣಿಕೆಯಾಗಿ ಆರಂಭದ ತಾರೀಕನ್ನು ಹೊತ್ತಿರುತ್ತದೆ. ಈ ವ್ಯತ್ಯಾಸವನ್ನು ಅರಿಯದೆ ಎರಡನ್ನೂ ತಾರೀಕು ನೋಡಿ ಜೋಡಿಸಿದ ವಿದ್ಯಾರ್ಥಿಯು, ಉಪಗ್ರಹ ತಪ್ಪು ಹೇಳುತ್ತದೆಯೆಂಬ ತೀರ್ಮಾನಕ್ಕೆ ಬಂದು, ಅದನ್ನೇ ಪ್ರಬಂಧವಾಗಿಸಿ ಪದವಿ ಪಡೆಯಬಹುದು. ತಂತ್ರಾಂಶವನ್ನು ಹಂಚುವವರು ಇಂತಹ ವಿವರಗಳನ್ನು ಅದರ ಜೊತೆಗೇ ಹಂಚದಿದ್ದರೆ, ಹಂಚಿಕೆಯಿಂದ ತಪ್ಪುಗಳೇ ಬೇಗ ಹರಡುತ್ತವೆ.

ಕೊಚ್ಚಿಯ ರಾಡಾರನ್ನಷ್ಟೇ ನೆಚ್ಚಿದರೆ ಕಾಸರಗೋಡಿನ ಸ್ಥಿತಿ ಇನ್ನೂ ಕಠಿಣ. ಮೋಡದ ಹನಿಗಳಿಗೆ ರೇಡಿಯೋ ಅಲೆಗಳನ್ನು ತಾಗಿಸಿ, ಮರಳಿ ಬಂದ ಅಲೆಯಿಂದ ಮಳೆಯ ಬಲವನ್ನೂ ಚಲನೆಯನ್ನೂ ತಿಳಿಯುವ ಉಪಕರಣ ಡಾಪ್ಲರ್ ರಾಡಾರ್. ಕೊಚ್ಚಿಯ ರಾಡಾರಿನಿಂದ ಕಾಸರಗೋಡಿಗೆ ನೇರ ದೂರ ಸುಮಾರು 300 ಕಿ.ಮೀ. ಅಲೆಯು ನೆಲಕ್ಕೆ ಅರ್ಧ ಡಿಗ್ರಿ ಓರೆಯಾಗಿ ಹೊರಟರೂ, ಭೂಮಿಯ ಮೈ ಬಾಗಿರುವುದರಿಂದ, ಅಷ್ಟು ದೂರಕ್ಕೆ ಬರುವಾಗ ಅದು ನೆಲದಿಂದ ಏಳು ಕಿ.ಮೀ.ಗಿಂತಲೂ ಮೇಲಿರುತ್ತದೆ, ಮಳೆಗಾಲದಲ್ಲಿ ಕರಾವಳಿಗೆ ಧಾರಾಳವಾಗಿ ಮಳೆ ಸುರಿಸುವ ತಗ್ಗಿನ ಮೋಡಗಳು ಅದರ ಅಡಿಯಲ್ಲಿಯೇ ಉಳಿದುಬಿಡುತ್ತವೆ. ಆದ್ದರಿಂದ ಅಷ್ಟು ದೂರದ ರಾಡಾರನ್ನು ನೆಚ್ಚಬೇಕಾದಲ್ಲಿ ನೆಲದ ಮೇಲಿನ ಮಳೆಮಾಪಕಗಳಿಗೆ ಇರುವ ಬೆಲೆ ರಾಡಾರಿಗೆ ಹತ್ತಿರವಿರುವ ಜಿಲ್ಲೆಗಳಲ್ಲಿ ಇರುವುದಕ್ಕಿಂತ ಹೆಚ್ಚು.

ಆ ಮಾಪಕಗಳು ಇಲ್ಲಿ ಇಲ್ಲವೆಂದಲ್ಲ. ಕೂಡ್ಲುವಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಬೇರು 1916ರ ತೆಂಗು ಸಂಶೋಧನಾ ಕೇಂದ್ರದಲ್ಲಿದೆ. ಪಿಲಿಕ್ಕೋಡಿನ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರದ ಇತಿಹಾಸವೂ ಅದೇ ವರ್ಷಕ್ಕೆ ಹೋಗುತ್ತದೆ. ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜು, ಪೆರಿಯದಲ್ಲಿ 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ, ಪೊವ್ವಲ್‌ನಲ್ಲಿ ಎಂಜಿನಿಯರಿಂಗ್ ಕಾಲೇಜು, ಕಾಸರಗೋಡು ಮತ್ತು ಮಂಜೇಶ್ವರದಲ್ಲಿ ಸರ್ಕಾರಿ ಕಾಲೇಜುಗಳು ಇವೆ. ಎರಿಂಜಿಪುಳದಲ್ಲಿ ಕೇಂದ್ರ ಜಲ ಆಯೋಗವು ಪಯಸ್ವಿನಿಯ ನೀರನ್ನು ಅಳೆಯುತ್ತದೆ. ಭೂಗೋಳ ಕಲಿಸುವ ಹೈಯರ್ ಸೆಕೆಂಡರಿ ಶಾಲೆಗಳಲ್ಲಿ ಸಮಗ್ರ ಶಿಕ್ಷಾ ಕೇರಳವು ಹವಾಮಾನ ವೀಕ್ಷಣಾಲಯಗಳನ್ನು ತೆರೆದಿದೆ. ಇವೆಲ್ಲಕ್ಕೂ ಹೊರತಾಗಿ, ಅಂಗಳದಲ್ಲಿ ಮಾಪಕವಿಟ್ಟು ದಿನದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವ ಅಡಿಕೆ ಕೃಷಿಕರು ಗಡಿಯ ಎರಡೂ ಕಡೆ ಇದ್ದಾರೆ. ಅವರ ಬರಹ ಬಹುಮಟ್ಟಿಗೆ ಕನ್ನಡದಲ್ಲಿದೆ, ಮತ್ತು ಅದನ್ನು ಕೇಳಿ ಪಡೆಯುವ ವ್ಯವಸ್ಥೆಯನ್ನು ಯಾವ ವಿಶ್ವವಿದ್ಯಾಲಯವೂ ಕಟ್ಟಿಲ್ಲದಿರುವುದು ವಿಷಾದದ ಸಂಗತಿ. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ಮದ್ರಾಸು ಪ್ರಾಂತಕ್ಕೆ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುದರಿಂದ, ಅದಕ್ಕೂ ಹಿಂದಿನ ಲೆಕ್ಕಗಳನ್ನು ಹುಡುಕುವವರು ಕೇರಳದ ಹೆಸರಿನಲ್ಲಿ ಹುಡುಕಿದರೆ ಸಾಲದು, ದಕ್ಷಿಣ ಕನ್ನಡದ ಕಡತಗಳನ್ನು ಬಿಚ್ಚಬೇಕೆಂಬ ಅರಿವೂ ಹೊಸ ತಲೆಮಾರಿನ ಸಂಶೋಧಕರಿಗೆ ಇರಬೇಕು.

ಇವೆಲ್ಲ ಒಂದೆಡೆ ಸೇರಿದರೆ ಪ್ರಯೋಜನ ಯಾರಿಗೆ ಎಂಬ ಪ್ರಶ್ನೆಗೆ ಅಡಿಕೆ ತೋಟವೇ ಉತ್ತರ. ಎಡೆಬಿಡದ ಮಳೆ ಮತ್ತು ತಂಪು ಸೇರಿದಾಗ ಎಳೆಯ ಕಾಯಿಗಳನ್ನು ಉದುರಿಸುವ ಕೊಳೆರೋಗಕ್ಕೆ, ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತು ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಬಳಿಕ ನಲವತ್ತು ನಲವತ್ತೈದು ದಿನಗಳ ಅಂತರದಲ್ಲಿ ಮತ್ತೊಮ್ಮೆ ಸಿಂಪಡಿಸುವುದು ರೂಢಿ. ಆ ಎರಡನೆಯ ಸಿಂಪಡಣೆಗೆ ಕೆಲವು ಗಂಟೆಗಳ ಹೊಳವು ಬೇಕು; ಹೊಳವು ಯಾವ ವಾರದಲ್ಲಿ ಸಿಗುವ ಸಂಭವ ಹೆಚ್ಚು ಎಂಬುದನ್ನು ಮುಳ್ಳೇರಿಯಕ್ಕೂ ಸುಳ್ಯಕ್ಕೂ ಬೇರೆಬೇರೆಯಾಗಿ ಹೇಳಬೇಕಾದರೆ, ದಶಕಗಳ ದಿನದ ಮಳೆ ಊರುಊರಿಗೆ ಬೇಕು. ಬೇಸಿಗೆಯಲ್ಲಿ ಉಪ್ಪುನೀರು ಏರಿಬಂದು ಬಾವಿಕ್ಕೆರೆಯಲ್ಲಿ ಕಾಸರಗೋಡು ಪಟ್ಟಣದ ಕುಡಿಯುವ ನೀರು ಕೆಟ್ಟ ವರ್ಷಗಳನ್ನು ಕಂಡವರಿಗೆ, ಮೇಲಿನ ಕಣಿವೆಯ ಮಳೆ ಮತ್ತು ಕೆಳಗಿನ ಹರಿವು ಒಂದೇ ಕಡತದಲ್ಲಿ ಇರುವುದರ ಮಹತ್ವವನ್ನೂ ಹೇಳಬೇಕಾಗಿಲ್ಲ.

ಹಾಗಾದರೆ ಸಮಿತಿ ಕಾಯಬೇಕಾದುದು ಏನನ್ನು? ಮೊದಲನೆಯದಾಗಿ, ಮಾಪಕದ ಚರಿತ್ರೆಯನ್ನು. ಮಳೆಮಾಪಕವು ಹತ್ತಿರದ ಮರ ಅಥವಾ ಕಟ್ಟಡದಿಂದ ಅದರ ಎತ್ತರದ ಎರಡು ಪಟ್ಟಾದರೂ ದೂರ ಇರಬೇಕೆಂಬ ನಿಯಮವಿದೆ. ತೋಟದ ನಾಡಿನಲ್ಲಿ ಮಾಪಕ ಇದ್ದಲ್ಲೇ ಇದ್ದು ಸುತ್ತಲಿನ ಮರ ಬೆಳೆದರೂ ಈ ನಿಯಮ ಮುರಿಯುತ್ತದೆ, ಮಳೆ ಕಡಿಮೆಯಾಯಿತೆಂದು ಪುಸ್ತಕ ಹೇಳುತ್ತದೆ, ವಾಸ್ತವದಲ್ಲಿ ಕಡಿಮೆಯಾದುದು ಮಾಪಕಕ್ಕೆ ಬಿದ್ದ ನೀರು ಮಾತ್ರ. ಮಾಪಕವನ್ನು ಯಾವಾಗ ಎಲ್ಲಿಗೆ ಸರಿಸಲಾಯಿತು, ಯಾವಾಗ ಬದಲಿಸಲಾಯಿತು, ಯಾರು ಓದುತ್ತಿದ್ದರು, ರಜಾದಿನಗಳಲ್ಲಿ ಓದಲಾಗಿತ್ತೇ ಎಂಬ ವಿವರಗಳನ್ನು ದತ್ತಾಂಶದ ಹಿನ್ನೆಲೆ ಮಾಹಿತಿ ಎನ್ನುತ್ತಾರೆ. ಇದಿಲ್ಲದ ಅಂಕಿಯನ್ನು ಸಮಿತಿ ಒಪ್ಪಬಾರದು. ಎರಡನೆಯದಾಗಿ, ಒಪ್ಪಂದಗಳನ್ನು. ಕೇಂದ್ರವಾರು ದತ್ತಾಂಶವನ್ನು ಇಲಾಖೆಗಳಿಂದ ಪಡೆಯುವಾಗ ಅದನ್ನು ಇನ್ನೊಬ್ಬರಿಗೆ ದಾಟಿಸಬಾರದೆಂಬ ನಿಬಂಧನೆ ಸಾಮಾನ್ಯವಾಗಿ ಇರುವುದರಿಂದ, ಪ್ರತಿ ವಿದ್ಯಾರ್ಥಿಯೂ ಅದೇ ಅಂಕಿಗಳಿಗಾಗಿ ಮತ್ತೆ ಮತ್ತೆ ಅರ್ಜಿ ಹಾಕುವ ಸ್ಥಿತಿಯಿದೆ. ಸಂಸ್ಥೆಗಳೆಲ್ಲ ಒಂದಾಗಿ, ಶಿಕ್ಷಣದ ಉದ್ದೇಶಕ್ಕೆಂದು ಒಂದೇ ಒಪ್ಪಂದವನ್ನು ಎರಡೂ ರಾಜ್ಯಗಳ ಇಲಾಖೆಗಳೊಂದಿಗೆ ಮಾಡಿಕೊಂಡರೆ, ನಿಬಂಧನೆಯನ್ನು ಗೌರವಿಸುತ್ತಲೇ ಈ ವ್ಯರ್ಥಶ್ರಮವನ್ನು ನೀಗಬಹುದು.

ತಂತ್ರಾಂಶದ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ನಕ್ಷೆಗೆ ಕ್ಯೂಜಿಐಎಸ್, ಲೆಕ್ಕಕ್ಕೆ ಪೈಥಾನ್ ಭಾಷೆ ಮತ್ತು ಅದರಲ್ಲಿ ಯೂನಿಡೇಟಾದವರೇ ಹವಾಮಾನಕ್ಕೆಂದು ರೂಪಿಸಿದ ಮೆಟ್‌ಪೈ ಮುಂತಾದವು ಉಚಿತವಾಗಿ ಸಿಗುತ್ತವೆ, ಮತ್ತು ಶಾಲೆಗಳಲ್ಲಿಯೇ ಮುಕ್ತ ತಂತ್ರಾಂಶವನ್ನು ರೂಢಿಗೆ ತಂದ ಕೇರಳದಲ್ಲಿ ಇದು ಅಪರಿಚಿತವಲ್ಲ. ಸಮಿತಿ ಕೇಳಬೇಕಾದ ಪ್ರಶ್ನೆ ಬೇರೆ: ಕನ್ನಡ ಮಾಧ್ಯಮದಲ್ಲಿ ಕಲಿತು ಬಂದ ಮಂಜೇಶ್ವರದ ವಿದ್ಯಾರ್ಥಿಗೆ ಈ ತಂತ್ರಾಂಶಗಳ ಪಾಠ ತನ್ನ ಭಾಷೆಯಲ್ಲಿ ಸಿಗುತ್ತದೆಯೇ? ಮಲಯಾಳ, ಕನ್ನಡಗಳೆರಡರಲ್ಲಿಯೂ ಪಾಠಗಳನ್ನು ಬರೆಯಿಸುವುದು ಕಾರ್ಯಕ್ರಮದ ಮೊದಲ ವರ್ಷದ ಕೆಲಸವಾಗಬೇಕೇ ಹೊರತು, ಹಣ ಉಳಿದರೆ ಮಾಡುವ ಕೆಲಸವಾಗಬಾರದು.

ಸಮಿತಿಯೆಂದರೆ ಇನ್ನೊಂದು ಸಭೆ, ಇನ್ನೊಂದು ಭತ್ಯೆಯ ಪಟ್ಟಿ ಎಂಬ ಅನುಮಾನಕ್ಕೆ ಆಧಾರವಿಲ್ಲದಿಲ್ಲ. ಅದಕ್ಕಾಗಿಯೇ ಸಮಿತಿಯಲ್ಲಿ ಪದವಿಯ ಬಲದಿಂದ ಕುಳಿತುಕೊಳ್ಳುವವರಿಗಿಂತ ದತ್ತಾಂಶವನ್ನು ಕೈಯಾರೆ ಬಳಸುವವರು ಹೆಚ್ಚಿರಬೇಕು. ವಿದ್ಯಾರ್ಥಿಗಳ, ಮಳೆ ಬರೆದಿಡುವ ಕೃಷಿಕರ ಪ್ರತಿನಿಧಿಗಳು ಇರಬೇಕು. ಯಾವ ಕೇಂದ್ರದಿಂದ ಎಷ್ಟು ದಿನದ ಅಂಕಿ ಬರಲಿಲ್ಲವೆಂಬ ಪಟ್ಟಿಯನ್ನು ಪ್ರತಿ ಮಳೆಗಾಲದ ಕೊನೆಯಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸುವ ಹೊಣೆ ಅದಕ್ಕೆ ಇರಬೇಕು. ಯಾರನ್ನೂ ದೂರುವುದಕ್ಕಾಗಿ ಆ ಪಟ್ಟಿಯಲ್ಲ. ತೆರವು ಎಲ್ಲಿದೆಯೆಂದು ತಿಳಿಯದ ಸರಣಿಯನ್ನು ನಂಬಿ ನೆರೆಯ ಲೆಕ್ಕ ಹಾಕುವುದು ಜನರ ಜೀವಕ್ಕೆ ಸಂಬಂಧಿಸಿದ ವಿಷಯವಾಗಿರುವುದರಿಂದ ಅದು ಬೇಕು.

ಆದುದರಿಂದ ಈ ಪತ್ರವು ತಮ್ಮೆಲ್ಲರಲ್ಲಿ ವಿನಂತಿಸುವುದು ಇಷ್ಟು. ಮುಂದಿನ ಮಳೆಗಾಲ ತೊಡಗುವ ಮೊದಲು, ಪಯಸ್ವಿನಿ ಕಣಿವೆಯ ಎರಡೂ ಬದಿಯ ಸಂಸ್ಥೆಗಳು ತಲಾ ಒಬ್ಬ ಅಧ್ಯಾಪಕರನ್ನೂ ಒಬ್ಬ ವಿದ್ಯಾರ್ಥಿಯನ್ನೂ ಹೆಸರಿಸಿ, ಕೂಡ್ಲುವಿನಲ್ಲೋ ಪೆರಿಯದಲ್ಲೋ ಒಂದು ದಿನ ಸೇರಲಿ; ಬರುವಾಗ ತಮ್ಮ ಸಂಸ್ಥೆಯ ಮಾಪಕದ ನೆಲೆ, ಅದನ್ನು ಇಟ್ಟ ವರ್ಷ, ದಾಖಲೆಯಲ್ಲಿರುವ ತೆರವುಗಳು ಇವುಗಳ ಒಂದು ಪುಟದ ವಿವರವನ್ನು ತರಲಿ. ಯಂತ್ರಗಳ ಖರೀದಿಯ ಮಾತು ಎರಡನೆಯ ಸಭೆಗೆ ಉಳಿಯಲಿ.